ಕರಡಿಗೆಂದು ಆರಿಸಿದ ಪಿಸ್ತೂಲು

ಹೊಳೆನರಸೀಪುರ

ನಾನು ಅಮೆರಿಕಕ್ಕೆ ಹೋಗಿ ಬಂದವನೆಂದು ಗೊತ್ತಾದವರು ಮೊದಲು ಕೇಳುವುದು ಅಲ್ಲಿಯ ಎತ್ತರದ ಕಟ್ಟಡಗಳ ವಿಷಯ. ಆ ಕಟ್ಟಡಗಳನ್ನು ನಾನು ನೋಡಿದ್ದು ಒಂದೇ ದಿನ. ಹಡಗಿನಲ್ಲಿ ಓರೆಯಾಗಿ ಮಲಗಿ ಮಲಗಿ ಅವತ್ತು ಕತ್ತು ಹಿಡಿದುಕೊಂಡಿತ್ತು. ಹಾಗಾಗಿ ನಾಲ್ಕನೆಯ ಅಂತಸ್ತಿನಿಂದ ಮೇಲೆ ಏನಿತ್ತೋ ನಾನು ಹೇಳಲಾರೆ. ಎರಡನೆಯದಾಗಿ ಕೇಳುವುದು ಊಟದ ವಿಷಯ. ಮೂರನೆಯದು, ಹೇಗೋ ಸುದ್ದಿ ಹಬ್ಬಿಬಿಟ್ಟಿರುವುದರಿಂದ, ಕರಡಿಯ ವಿಷಯ. ಇದಕ್ಕೆ ಮಾತ್ರ ಇದುವರೆಗೆ ಒಬ್ಬೊಬ್ಬರಿಗೆ ಒಂದೊಂದು ಉತ್ತರ ಹೇಳಿಕೊಂಡು ಬಂದಿದ್ದೇನೆ. ಹೇಳಿ ಹೇಳಿ ಸಾಕಾಗಿದೆ. ನಡೆದದ್ದನ್ನು ನಡೆದ ಹಾಗೆ ಒಂದು ಸಲ ಬರೆದುಬಿಡುತ್ತೇನೆ.

ಚನ್ನರಾಯಪಟ್ಟಣ ತಾಲ್ಲೂಕಿನ ಗುಡ್ಡಗಳಲ್ಲಿರುವ ಒಂದು ಕ್ರೋಮೈಟ್ ಗಣಿಯಲ್ಲಿ ನಾನು ಸರ್ವೆಯವನು. ಕ್ರೋಮೈಟ್ ಎಂದರೆ ಕಪ್ಪಗೆ, ಕೈಗೆ ತೆಗೆದುಕೊಂಡರೆ ನಿರೀಕ್ಷೆಗಿಂತ ಭಾರವಾಗಿರುವ ಒಂದು ಕಲ್ಲು. ಉಕ್ಕಿಗೆ ತುಕ್ಕು ಹಿಡಿಯದಂತೆ ಮಾಡಲು ಬೇಕಾದದ್ದು. ಎರಡನೆಯ ಮಹಾಯುದ್ಧ ನಡೆದಷ್ಟು ವರ್ಷವೂ ನಮಗೆ ಭಾನುವಾರವೇ ಇರಲಿಲ್ಲ. ಯುದ್ಧ ಮುಗಿದ ಮರುವರ್ಷ, ಅಮೆರಿಕದ ಮೊಂಟಾನಾ ಸಂಸ್ಥಾನದ ಬೆಟ್ಟಗಳಲ್ಲಿ ಇದೇ ಕಲ್ಲು ಪದರಪದರವಾಗಿ ಬಿದ್ದಿದೆ, ಅದನ್ನು ಅವರು ಅಳೆಯುವ ಕ್ರಮವನ್ನು ನೋಡಿಕೊಂಡು ಬಾ ಎಂದು ಗಣಿಯವರು ನನ್ನನ್ನು ಒಂದು ಬೇಸಿಗೆಯ ಮಟ್ಟಿಗೆ ಕಳಿಸಿದರು. ನನಗಾಗ ನಲವತ್ತಮೂರು ವರ್ಷ. ಮಂಡಿಗಳು ಅದಕ್ಕಿಂತ ಹಳೆಯವಾಗಿದ್ದವು. ಸುದ್ದಿ ಕೇಳಿದಾಗ ಸಂತೋಷಕ್ಕಿಂತ ಮೊದಲು ಆಯಾಸವೇ ಆಯಿತು.

ಆ ಬೆಟ್ಟಗಳಲ್ಲಿ ಕರಡಿ ಇದೆಯೆಂದೂ, ಒಂಟಿಯಾಗಿ ಓಡಾಡುವವರೆಲ್ಲ ಪಿಸ್ತೂಲು ಇಟ್ಟುಕೊಳ್ಳುವುದು ಕಡ್ಡಾಯವೆಂದೂ ಅಲ್ಲಿಂದ ಬಂದ ಕಾಗದದಲ್ಲಿ ಬರೆದಿತ್ತು. ಇದನ್ನು ಕೇಳಿ ಅರಕಲಗೂಡಿನಲ್ಲಿರುವ ನನ್ನ ಭಾವ ನಕ್ಕುಬಿಟ್ಟರು. ನಮ್ಮದು ವೀರಶೈವರ ಮನೆತನ. ಇಷ್ಟಲಿಂಗದ ಬೆಳ್ಳಿಯ ಕರಡಿಗೆ ನನ್ನ ಕೊರಳಿನಲ್ಲಿ ಹುಟ್ಟಿದಾರಭ್ಯ ಇದೆ. ‘ಕರಡಿಗೆ ಕಟ್ಟಿಕೊಂಡವನು ಕರಡಿಗೆ ಹೆದರುತ್ತಾನೇನಯ್ಯ’ ಎಂದರು. ಹೊಳೆನರಸೀಪುರದ ಪೇಟೆಯಲ್ಲಿ ನಮ್ಮ ಮನೆಯವರು ನಡೆಸುವ ಅಂಗಡಿಯಲ್ಲಿ ಆ ಮಾತು ಒಂದು ವಾರ ಓಡಾಡಿತು.

ನಗದಿದ್ದವನೆಂದರೆ ಕಾಳೇಗೌಡ ಒಬ್ಬ. ಸರ್ವೆಯ ಸರಪಳಿ ಹಿಡಿಯುವ ಆಳು, ಹನ್ನೆರಡು ವರ್ಷ ನನ್ನ ಮುಂದೆ ಮುಂದೆ ನಡೆದವನು. ಅವನ ಎಡಗಣ್ಣಿನಿಂದ ದವಡೆಯವರೆಗೆ ಮುಖ ಹೊಲಿದ ಚೀಲದಂತಿದೆ. ಹುಡುಗನಾಗಿದ್ದಾಗ ಗುಡ್ಡದಲ್ಲಿ ಕರಡಿ ಪರಚಿದ್ದು.

‘ಸಾ, ಅದು ಎದ್ದು ನಿಂತ್ಕಂಡ್ರೆ ಓಡಬ್ಯಾಡಿ’ ಎಂದ. ‘ಒಡಿಯಾಕೆ ನಿಂತ್ಕಳಾದಲ್ಲ ಅದು. ನೀವ್ಯಾರು ಅಂತ ನೋಡಾಕೆ ನಿಂತ್ಕತದೆ. ನಾನು ಓಡ್ದೆ, ಅದ್ಕೇ ಇಂಗಾದೆ.’

ಹಡಗು, ರೈಲು

ಹಡಗಿನಲ್ಲಿ ಒಂದು ತಿಂಗಳ ಮೇಲಾಯಿತು. ಸಮುದ್ರದ ಬಗ್ಗೆ ಬರೆಯುವವರು ಬೇರೆ ಇದ್ದಾರೆ. ನನಗೆ ನೆನಪಿರುವುದು ಹುರಿಹಿಟ್ಟಿನ ಡಬ್ಬಿಗೆ ಉಪ್ಪುಗಾಳಿ ಹೊಕ್ಕು ಹಿಟ್ಟು ಗಟ್ಟಿಯಾದದ್ದು, ಅದನ್ನು ಉಗುರಿನಿಂದ ಕೆರೆದು ತಿಂದದ್ದು.

ಇಳಿದಲ್ಲಿ ಸುಂಕದ ಅಧಿಕಾರಿ ನನ್ನ ಕೊರಳಿನ ಕರಡಿಗೆಯನ್ನು ನೋಡಿ ಗಡಿಯಾರವೇ ಎಂದು ಕೇಳಿದ. ಅಲ್ಲವೆಂದೆ. ನಶ್ಯದ ಡಬ್ಬಿಯೇ ಎಂದ. ದೇವರು ಎಂದೆ. ಅವನು ನನ್ನ ಮುಖ ನೋಡಿದ, ತನ್ನ ಅಂಗಿಯ ಗುಂಡಿ ಬಿಚ್ಚಿ ಒಳಗಿದ್ದ ಪುಟ್ಟ ಶಿಲುಬೆಯನ್ನು ತೋರಿಸಿದ, ಮುಂದೆ ಹೋಗು ಎಂದು ಕೈ ಆಡಿಸಿದ. ಆ ದೇಶದಲ್ಲಿ ನನಗೆ ಸಿಕ್ಕಿದ ಮೊದಲ ಸೌಜನ್ಯ ಅದು.

ಆಮೇಲೆ ರೈಲು. ನಮ್ಮ ಹಾಸನದಿಂದ ಮೈಸೂರಿಗೆ ಹೋಗುವ ರೈಲಿನಲ್ಲಿ ಅಕ್ಕಪಕ್ಕದವರು ಹೊಳೆನರಸೀಪುರ ದಾಟುವಷ್ಟರಲ್ಲಿ ನಮ್ಮ ಮನೆಯ ಮದುವೆಗಳನ್ನೆಲ್ಲ ವಿಚಾರಿಸಿರುತ್ತಾರೆ. ಅಲ್ಲಿ ಮೂರು ದಿನ ಎದುರಿಗೆ ಕುಳಿತಿದ್ದ ಮನುಷ್ಯ ಇಳಿಯುವಾಗ ಟೋಪಿ ಮುಟ್ಟಿ ‘ಹವೆ ಚೆನ್ನಾಗಿದೆ’ ಎಂದಷ್ಟೇ ಹೇಳಿ ಹೋದ. ನನಗೆ ಬೇಸರವಾಗಲಿಲ್ಲ. ಮಾತಾಡುವ ತ್ರಾಣವೂ ಇರಲಿಲ್ಲ.

ಬೆಟ್ಟದ ಬುಡದ ಊರು

ಊರೆಂದರೆ ಒಂದು ಬೀದಿ. ಒಂದು ತುದಿಯಲ್ಲಿ ಚರ್ಚು, ಇನ್ನೊಂದು ತುದಿಯಲ್ಲಿ ಮರದ ಕಾರ್ಖಾನೆ, ನಡುವೆ ಒಂದು ಅಂಗಡಿ. ಅಲ್ಲಿ ನನ್ನನ್ನು ಎದುರುಗೊಂಡವನು ವಾಲ್ಟ್. ಅರವತ್ತು ದಾಟಿದ, ಒಣಗಿದ ಬೆತ್ತದಂಥ ಮನುಷ್ಯ. ಬೆಟ್ಟಕ್ಕೆ ಹೋಗುವ ಸರ್ವೆಯವರ ಸಾಮಾನನ್ನು ಹೇಸರಗತ್ತೆಗಳ ಮೇಲೆ ಹೇರಿಕೊಂಡು ಜೊತೆಗೆ ಬರುವುದು ಅವನ ಕಸುಬು. ಬೇಸಿಗೆಯುದ್ದಕ್ಕೂ ನನಗೆ ಅವನೊಬ್ಬನೇ ಸಂಗಾತಿಯೆಂದು ಗೊತ್ತಾಯಿತು. ನಂಜುಂಡಪ್ಪ ಎಂಬ ನನ್ನ ಹೆಸರು ಅವನ ಬಾಯಲ್ಲಿ ಎರಡು ದಿನ ಒದ್ದಾಡಿ ಕೊನೆಗೆ ‘ನಂಜ್’ ಎಂದು ನಿಂತಿತು.

ವಾಲ್ಟ್ ಬಳಿ ಉದ್ದನೆಯ ರೈಫಲ್ ಇತ್ತು. ಅಂಥದ್ದೇ ಒಂದು ನನಗೂ ಸಾಲದೇ ಎಂದು ಕೇಳಿದೆ. ನಿನ್ನ ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದರಲ್ಲಿ ಅಳತೆಯ ಕೋಲು ಇರುತ್ತದೆ, ರೈಫಲನ್ನು ಎಲ್ಲೋ ಮರಕ್ಕೆ ಒರಗಿಸಿ ಇಟ್ಟಿರುತ್ತೀಯ, ಕರಡಿ ಬಂದಾಗ ರೈಫಲ್ ಮರದ ಹತ್ತಿರವೇ ಇರುತ್ತದೆ ಎಂದ. ಸೊಂಟದಲ್ಲಿ ಇರುವುದೇ ನಿನ್ನ ಹತ್ತಿರ ಇರುವುದು ಎಂದ.

ನಮ್ಮಲ್ಲಿ ಒಂದು ಕೋವಿಗೆ ಲೈಸೆನ್ಸು ಬೇಕೆಂದರೆ ತಾಲ್ಲೂಕಿನ ಅಮಲ್ದಾರರ ಕಚೇರಿಗೆ ಅರ್ಜಿ, ಅಲ್ಲಿಂದ ಹಾಸನಕ್ಕೆ, ಹಾಸನದಿಂದ ಮತ್ತೆ ಅಮಲ್ದಾರರಿಗೆ. ಅಷ್ಟರಲ್ಲಿ ಹಂದಿ ಎರಡು ಬೆಳೆ ತಿಂದಿರುತ್ತದೆ. ಅಲ್ಲಿ ಮೊಳೆ, ಹಗ್ಗ, ಲಾಟೀನು, ಕುದುರೆಯ ಲಾಳ ಮಾರುವ ಅಂಗಡಿಯಲ್ಲಿ, ಅವುಗಳ ನಡುವೆಯೇ ರಿವಾಲ್ವರುಗಳನ್ನೂ ಇಟ್ಟಿದ್ದರು. ಅಂಗಡಿಯ ಒಡತಿ ಓಲ್ಸನ್ ಎಂಬ ಮುದುಕಿ. ನಮ್ಮ ಅತ್ತೆಯರು ಸೀರೆ ತೋರಿಸಲು ಚಾಪೆ ಹಾಸುವ ಹಾಗೆ ಅಂಗಡಿಯ ಮೇಜಿನ ಮೇಲೆ ಒಂದು ಹಸಿರು ಬಟ್ಟೆ ಹಾಸಿ, ಅದರ ಮೇಲೆ ಮೂರನ್ನು ಇಟ್ಟರು.

ಮೊದಲನೆಯದು ನಲವತ್ತೈದರ ರಿವಾಲ್ವರ್, ಅಂದರೆ ಗುಂಡಿನ ಅಗಲ ಅಂಗುಲದ ನೂರರಲ್ಲಿ ನಲವತ್ತೈದು ಭಾಗ. ಹಳೆಯ ಮಾದರಿ, ಎತ್ತಿದರೆ ಅಡಿಗೆಮನೆಯ ಗುಂಡುಕಲ್ಲನ್ನು ಎತ್ತಿದ ಹಾಗೆ. ಎರಡನೆಯದು ಯುದ್ಧಕ್ಕೆ ಸ್ವಲ್ಪ ಮುಂಚೆ ಬಂದದ್ದಂತೆ, ಮ್ಯಾಗ್ನಮ್ ಎಂದು ಹೆಸರು. ಗುಂಡು ಸಣ್ಣದಾದರೂ ಅದರ ಹಿಂದೆ ಮದ್ದು ಬಹಳ. ಮೂರನೆಯದು ಮೂವತ್ತೆಂಟರದು, ಚಿಕ್ಕದು. ಅಂಗೈಯಲ್ಲಿ ಇಟ್ಟುಕೊಂಡರೆ ಅಲ್ಲೇ ಹುಟ್ಟಿದ ಹಾಗೆ ಕುಳಿತಿತು.

ಆಮೇಲೆ ಆಕೆ ಗುಂಡುಗಳನ್ನು ಸಾಲಾಗಿ ನಿಲ್ಲಿಸಿ ಪಾಠ ಹೇಳಿದರು. ಈ ಗುಂಡುಮೂತಿಯದು ಸುಮ್ಮನೆ ಜಾರಿಕೊಂಡು ಹೋಗುತ್ತದೆ, ಸಣ್ಣ ತೂತು ಮಾಡುತ್ತದೆ. ಈ ಮೂತಿ ಟೊಳ್ಳಾಗಿರುವ ಮೆತ್ತನೆಯದು ಮೈಗೆ ಬಡಿದ ಕೂಡಲೇ ಹೂವಿನ ಹಾಗೆ ಅರಳಿ, ಕೊಬ್ಬಿನಲ್ಲೇ ನಿಂತುಬಿಡುತ್ತದೆ. ಜಿಂಕೆಗಾದರೆ ಸರಿ. ಈ ಮೂತಿ ಚಪ್ಪಟೆಯಾಗಿರುವ, ಭಾರದ, ಗಟ್ಟಿ ಸೀಸದ್ದು ಮಾತ್ರ ಮೂಳೆಯನ್ನು ಮುರಿದುಕೊಂಡು ಒಳಕ್ಕೆ ಹೋಗುತ್ತದೆ. ಕರಡಿಗೆ ಬೇಕಾದದ್ದು ಅಗಲವಲ್ಲ, ಆಳ. ಇಷ್ಟನ್ನೂ ಅವರು ಬೇಳೆಯ ಬಗ್ಗೆ ಹೇಳುವವರಂತೆ ಹೇಳಿದರು.

ಜಲ್ಲಿ ತೆಗೆದ ಹಳ್ಳ

ಮೂರನ್ನೂ ಹೊಡೆದು ನೋಡಿ ಆರಿಸಿಕೊಳ್ಳಲಿ ಎಂದು ಅವರು ಕೊಟ್ಟು ಕಳಿಸಿದರು. ಊರಾಚೆ ಜಲ್ಲಿ ತೆಗೆದ ಒಂದು ಹಳ್ಳವಿತ್ತು. ವಾಲ್ಟ್ ಹತ್ತು ಹೆಜ್ಜೆ ದೂರದಲ್ಲಿ ಒಂದು ಖಾಲಿ ಡಬ್ಬಿ ಇಟ್ಟ.

ನಾನು ಅದುವರೆಗೆ ಬದುಕಿನಲ್ಲಿ ಸಿಡಿಸಿದ್ದೆಂದರೆ ದೀಪಾವಳಿಯ ಪಟಾಕಿ. ನಲವತ್ತೈದರದು ಮೊದಲ ಏಟಿಗೇ ನನ್ನ ಮಣಿಕಟ್ಟನ್ನು ತಿರುಚಿ ಆಕಾಶ ನೋಡಿತು. ಆರು ಗುಂಡಿನಲ್ಲಿ ಡಬ್ಬಿಗೆ ತಾಗಿದ್ದು ಒಂದು. ಮ್ಯಾಗ್ನಮ್ ಹೊಡೆದ ಮೇಲೆ ಅರ್ಧ ಗಂಟೆ ಕಿವಿಯಲ್ಲಿ ಜೀರುಂಡೆ ಕೂಗಿತು. ಎರಡನೆಯ ಗುಂಡಿನಿಂದಾಚೆಗೆ ನಾನು ಕಣ್ಣು ಮುಚ್ಚಿಕೊಂಡೇ ಒತ್ತುತ್ತಿದ್ದೇನೆಂದು ವಾಲ್ಟ್ ಹೇಳಿದ. ಮೂವತ್ತೆಂಟರದು ಮಾತ್ರ ಹೇಳಿದ ಮಾತು ಕೇಳಿತು. ಆರಕ್ಕೆ ನಾಲ್ಕು ತಾಗಿತು.

‘ದೊಡ್ಡದನ್ನು ತೆಗೆದುಕೋ’ ಎಂದ ವಾಲ್ಟ್. ‘ಮೂರು ದಿನ ಇಲ್ಲೇ ನಿಂತು ಹೊಡಿ. ಕೈ ತಾನಾಗಿ ಕಲಿಯುತ್ತದೆ.’

ಮೂರು ದಿನ. ನನಗೆ ಆ ಮಧ್ಯಾಹ್ನವನ್ನೇ ಕಳೆಯುವುದು ಕಷ್ಟವಾಗಿತ್ತು. ತಿಂಗಳ ಮೇಲಿಂದ ಸರಿಯಾಗಿ ನಿದ್ದೆಯಿಲ್ಲ, ಊಟವಿಲ್ಲ. ಮಂಡಿಯ ಜೊತೆಗೆ ಈಗ ಮಣಿಕಟ್ಟು ಸೇರಿತ್ತು. ಅದಲ್ಲದೆ ಒಳಗೆ ಇನ್ನೊಂದು ಲೆಕ್ಕಾಚಾರವೂ ನಡೆದಿತ್ತು, ಅದನ್ನು ಮುಚ್ಚಿಡುವುದಿಲ್ಲ. ನಮ್ಮ ಮನೆಯಲ್ಲಿ ಇರುವೆಯ ಗೂಡಿಗೆ ಸಕ್ಕರೆ ಹಾಕುತ್ತಾರೆ. ಕೊಲ್ಲುವ ಸಾಮಾನನ್ನು ಸೊಂಟಕ್ಕೆ ಕಟ್ಟಿಕೊಳ್ಳಲೇಬೇಕಾದರೆ ಆದಷ್ಟು ಚಿಕ್ಕದನ್ನು ಕಟ್ಟಿಕೊಳ್ಳೋಣ. ಚಿಕ್ಕದರಲ್ಲಿ ಪಾಪವೂ ಚಿಕ್ಕದು ಎಂದು ಮನಸ್ಸು ಹೇಳಿತು.

ಅಂಗಡಿಗೆ ಹೋಗಿ ಮೂರನೆಯದನ್ನು ಕೊಡಿ ಎಂದೆ. ಗುಂಡುಮೂತಿಯ ಗುಂಡುಗಳೇ ಇರಲಿ, ಅವು ಮೆದುವಾಗಿ ಹೋಗುತ್ತವೆ ಎಂದೆ.

ಓಲ್ಸನ್ ಕನ್ನಡಕದ ಮೇಲಿಂದ ನೋಡಿದರು. ‘ಕೊಡುತ್ತೇನೆ. ಆದರೆ ಇದನ್ನು ಕರಡಿಗೆಂದು ಕೊಳ್ಳುತ್ತಿದ್ದೀರೆಂದು ತಿಳಿಯಬೇಡಿ. ಇದನ್ನು ಮಾಡಿರುವುದು ಮನುಷ್ಯರಿಗೆ.’

ವಾಲ್ಟ್ ಬಾಗಿಲಲ್ಲಿ ನಿಂತು ಬೀದಿ ನೋಡುತ್ತಿದ್ದ. ಓಲ್ಸನ್ ನನ್ನ ಹೆಸರು ಬರೆದುಕೊಂಡರು, ಅಷ್ಟಕ್ಕೇ ಮುಗಿಯಿತು.

ಬೆಟ್ಟದ ಮೇಲೆ

ಎರಡು ಹೇಸರಗತ್ತೆ, ಒಂದು ಗುಡಾರ, ನಾವಿಬ್ಬರು. ನಮ್ಮ ಗುಡ್ಡಗಳು ದನಗಳು ಮಲಗಿದ ಹಾಗೆ ಇರುತ್ತವೆ, ಹತ್ತಿ ಇಳಿದು ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ಆ ಬೆಟ್ಟಗಳು ಎದ್ದು ನಿಂತಿದ್ದವು. ಹತ್ತು ಗಂಟೆಗೆ ಕಂಡ ಬಂಡೆಯ ಹತ್ತಿರ ಹೋಗುವಷ್ಟರಲ್ಲಿ ಮೂರು ಗಂಟೆ. ಆಷಾಢ ಕಳೆದರೂ ಕೊರಕಲುಗಳಲ್ಲಿ ಹಿಮ ಬಿದ್ದಿರುತ್ತಿತ್ತು, ಒಗೆದು ಮರೆತು ಬಿಟ್ಟ ಪಂಚೆಯ ಹಾಗೆ.

ಕಲ್ಲು ಮಾತ್ರ ನಮ್ಮದೇ. ಮೊದಲ ಬಾರಿ ಆ ಕರಿಯ ಪದರವನ್ನು ಮುಟ್ಟಿದಾಗ ಕಣ್ಣು ತುಂಬಿ ಬಂತು. ಹತ್ತಿದ ಸುಸ್ತಿಗೂ ಇದ್ದೀತು.

ಊಟಕ್ಕೆ ಡಬ್ಬಿಯಲ್ಲಿ ಬರುವ ಬೇಯಿಸಿದ ಅವರೆಯಂಥ ಕಾಳು. ನನ್ನ ಪಥ್ಯ ವಾಲ್ಟ್‌ಗೆ ತಿಳಿಸಿದ್ದೆ, ಅವನು ಒಪ್ಪಿ ತಂದಿದ್ದ. ಹತ್ತು ದಿನ ತಿಂದ ಮೇಲೆ ತಳದಲ್ಲಿ ಬೆಳ್ಳಗೆ ಒಂದು ತುಂಡು ಸಿಕ್ಕಿತು. ಇದೇನೆಂದು ಕೇಳಿದೆ. ಹಂದಿಯದು, ಆದರೆ ಅದು ಮಾಂಸವಲ್ಲ, ರುಚಿಗೆ ಹಾಕುವುದು ಎಂದ. ಅವನ ಮುಖದಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ. ಊರಿನಲ್ಲಾಗಿದ್ದರೆ ಎಷ್ಟು ದೊಡ್ಡ ಗಲಾಟೆಯಾಗುತ್ತಿತ್ತೋ. ನಾನು ಡಬ್ಬಿಯನ್ನು ಪಕ್ಕಕ್ಕಿಟ್ಟು, ಬಾಯಿ ಮುಕ್ಕಳಿಸಿ, ಅಂದಿನಿಂದ ಆಲೂಗೆಡ್ಡೆ ಬ್ರೆಡ್ಡಿಗೆ ಇಳಿದೆ. ಜಗಳವಾಡುವುದಕ್ಕೂ ಶಕ್ತಿ ಬೇಕು.

ಬೆಳಿಗ್ಗೆ ತೊರೆಯ ಪಕ್ಕದ ಬಂಡೆಯ ಮೇಲೆ ನಾನು ಲಿಂಗಪೂಜೆ ಮಾಡುವಾಗ ವಾಲ್ಟ್ ಹೇಸರಗತ್ತೆಗಳನ್ನು ಆಚೆಗೆ ಹೊಡೆದುಕೊಂಡು ಹೋಗುತ್ತಿದ್ದ, ಸದ್ದಾಗಬಾರದೆಂದು. ಅವನಾಗಿಯೇ ಮಾಡಿಕೊಂಡ ಏರ್ಪಾಡು ಅದು.

ಪಿಸ್ತೂಲಿನ ಚರ್ಮದ ಚೀಲ ಸೊಂಟವನ್ನು ಉಜ್ಜಿ ಉಜ್ಜಿ ಅಲ್ಲಿ ಎರಡು ಕಡೆ ಸಿಪ್ಪೆ ಎದ್ದಿತು. ಹಗುರವಾದದ್ದೇ ಹೀಗೆ ಮಾಡಿದರೆ ದೊಡ್ಡದು ಏನು ಮಾಡುತ್ತಿತ್ತೋ ಎಂದು ನನ್ನ ಆಯ್ಕೆಯನ್ನು ನಾನೇ ಹೊಗಳಿಕೊಂಡೆ.

ಕರಡಿಯ ನಾಡಿನಲ್ಲಿ ಪಿಸ್ತೂಲಿಗಿಂತ ಮೊದಲು ಬಾಯಿ ಬೇಕು ಎಂದು ವಾಲ್ಟ್ ಕಲಿಸಿದ್ದ. ಸದ್ದು ಮಾಡುತ್ತ ನಡೆದರೆ ಕರಡಿ ತಾನೇ ದೂರ ಹೋಗುತ್ತದೆ. ಅದು ಮೇಲೆ ಬೀಳುವುದು ಬೆಚ್ಚಿದಾಗ. ಏನು ಕೂಗುವುದೆಂದು ತೋಚದೆ ನಾನು ಮಗ್ಗಿ ಹೇಳುತ್ತ ನಡೆಯುತ್ತಿದ್ದೆ. ಹದಿಮೂರೊಂದ್ಲ ಹದಿಮೂರು, ಹದಿಮೂರೆರಡ್ಲ ಇಪ್ಪತ್ತಾರು. ಹೊಳೆನರಸೀಪುರದ ಕೂಲಿಮಠದ ಮಗ್ಗಿಯನ್ನು ಆ ಬೆಟ್ಟದ ಕರಡಿಗಳು ಎರಡು ತಿಂಗಳು ಕೇಳಿ ದೂರದೂರವೇ ಇದ್ದವು. ಒಂದೆರಡನ್ನು ಎದುರು ಬೆಟ್ಟದಲ್ಲಿ ಕಂಡೆವು. ನಮ್ಮ ಕರಡಿಗಿಂತ ಬಣ್ಣದಲ್ಲಿ ತೆಳು, ಗಾತ್ರದಲ್ಲಿ ಎರಡರಷ್ಟು. ಬೆನ್ನಿನ ಮೇಲೆ ಗೂಳಿಗಿರುವಂಥ ಇಣಿ.

ತೊರೆಯ ಮೇಲಿನ ಇಳಿಜಾರು

ಕೊನೆಯ ವಾರದಲ್ಲಿ ಮೂರು ದಿನ ಸತತ ಮಳೆ ಬಂತು. ನನಗೆ ನೆಗಡಿಯಾಗಿ ಗಂಟಲು ಕಟ್ಟಿ ದನಿಯೇ ಹೊರಡದಾಯಿತು. ನಾಲ್ಕನೆಯ ದಿನ ಬಿಸಿಲು ಬಿದ್ದಾಗ, ಇನ್ನೊಂದೇ ಕಡೆ ಅಳತೆ ಉಳಿದಿತ್ತು, ಅದನ್ನು ಮುಗಿಸಿದರೆ ಇಳಿದು ಹೋಗಬಹುದಿತ್ತು. ಇವತ್ತೊಂದು ದಿನ ಮಲಗು ಎಂದು ವಾಲ್ಟ್ ಹೇಳಿದ. ನನಗೆ ಮಲಗುವುದಕ್ಕಿಂತ ಮುಗಿಸುವುದೇ ಬೇಕಾಗಿತ್ತು. ಅವನು ಹೇಸರಗತ್ತೆಗೆ ಲಾಳ ಕಟ್ಟುತ್ತಿದ್ದ, ಹಿಂದೆಯೇ ಬರುತ್ತೇನೆಂದ. ನಾನು ಒಬ್ಬನೇ ಹೊರಟೆ, ಬಾಯಿ ಮುಚ್ಚಿಕೊಂಡು.

ತೊರೆ ಮಳೆನೀರಿಗೆ ಭೋರ್ಗರೆಯುತ್ತಿತ್ತು. ಗಾಳಿ ನನ್ನ ಮುಖಕ್ಕೆ ಬೀಸುತ್ತಿತ್ತು. ನನ್ನ ಸದ್ದೂ ವಾಸನೆಯೂ ಮುಂದಕ್ಕೆ ಹೋಗುವಂತಿರಲಿಲ್ಲ. ಕುರುಚಲು ಗಿಡಗಳ ಸಾಲು ದಾಟಿ ಇಳಿಜಾರಿಗೆ ಬಂದಾಗ ಹದಿನೈದು ಹೆಜ್ಜೆಯ ಆಚೆಗೆ ನೆಲವನ್ನು ಯಾರೋ ಗುದ್ದಲಿಯಲ್ಲಿ ಅಗೆದ ಹಾಗೆ ಕಾಣಿಸಿತು. ಅಗೆಯುತ್ತಿದ್ದದ್ದು ಕರಡಿ. ಗೆಡ್ಡೆ ತಿನ್ನುತ್ತಿತ್ತು.

ಅದು ತಲೆಯೆತ್ತಿತು, ಎದ್ದು ನಿಂತಿತು. ನೋಡುವುದಕ್ಕೆ ನಿಂತಿದೆ ಎಂದು ನನಗೆ ಗೊತ್ತಿತ್ತು. ಓಡಲಿಲ್ಲ. ಮಾತಾಡಬೇಕು, ಮೆಲ್ಲಗೆ, ಮನುಷ್ಯನೆಂದು ಅದಕ್ಕೆ ತಿಳಿಯುವ ಹಾಗೆ. ಬಾಯಿ ತೆರೆದೆ. ಗಾಳಿ ಹೊರಟಿತೇ ಹೊರತು ಸದ್ದು ಹೊರಡಲಿಲ್ಲ. ಕೈ ಅಷ್ಟರಲ್ಲಿ ಸೊಂಟಕ್ಕೆ ಹೋಗಿ ಬಂದಿತ್ತು. ಹಗುರವಾದದ್ದಲ್ಲವೇ, ಥಟ್ಟನೆ ಬಂತು.

ಕರಡಿ ನಾಲ್ಕು ಕಾಲಿಗೆ ಇಳಿದು ನನ್ನ ಕಡೆಗೆ ಓಡಿ ಬಂತು. ಅದರ ಭುಜದ ಕೂದಲು ನೀರಿನ ಹಾಗೆ ಅಲೆಯಾಡುತ್ತಿದ್ದದ್ದು ಕಣ್ಣಿಗೆ ಕಟ್ಟಿದೆ. ನಾಲ್ಕು ಸಲ ಹೊಡೆದೆನೆಂದು ಆಮೇಲೆ ಎಣಿಸಿ ತಿಳಿದುಕೊಂಡೆ. ಐದಾರು ಹೆಜ್ಜೆ ದೂರದಲ್ಲಿ ಅದು ಪಕ್ಕಕ್ಕೆ ತಿರುಗಿ, ಒಮ್ಮೆ ಮುಗ್ಗರಿಸಿ, ಕುರುಚಲು ಗಿಡದೊಳಕ್ಕೆ ಹೋಯಿತು. ಗಿಡಗಳು ಅಲ್ಲಾಡಿದ್ದು ಸ್ವಲ್ಪ ಹೊತ್ತು ಕಂಡಿತು. ನಾನು ಕುಳಿತುಕೊಂಡೆ.

ಸದ್ದು ಕೇಳಿ ಬಂದ ವಾಲ್ಟ್ ಮೊದಲು ನನ್ನ ಮೈಯನ್ನೆಲ್ಲ ಕೈಯಾಡಿಸಿ ನೋಡಿದ. ಆಮೇಲೆ ನೆಲ ನೋಡಿದ. ಒದ್ದೆ ಮಣ್ಣಿನಲ್ಲಿ ಉಗುರಿನ ಗೆರೆಗಳು ಉದ್ದಕ್ಕೆ ಎಳೆದಿದ್ದವು.

‘ಕರಡಿ ಇಲ್ಲಿ ಕಾಲೂರಿ ನಿಲ್ಲಲು ನೋಡಿದೆ’ ಎಂದ. ‘ಬಹಳ ಸಲ ಹೀಗೆ ಹೆದರಿಸಿ ನಿಂತುಬಿಡುತ್ತವೆ. ನಿಂತದ್ದು ನಿನ್ನ ಗುಂಡಿಗೆ ಮೊದಲೋ ಆಮೇಲೋ ನನಗೆ ಗೊತ್ತಿಲ್ಲ ನಂಜ್. ಯಾರಿಗೂ ಗೊತ್ತಾಗುವುದಿಲ್ಲ.’

ಗಿಡದ ಎಲೆಯ ಮೇಲೆ ರಕ್ತವಿತ್ತು. ಕುಂಕುಮದ ಬೊಟ್ಟಿನಷ್ಟು.

ಹುಡುಕಿದ ಎರಡು ದಿನ

ಅದು ಹೋಯಿತಲ್ಲ, ನಾವೂ ಹೋಗೋಣ ಎಂದು ನಾನು ಸನ್ನೆ ಮಾಡಿದೆ. ವಾಲ್ಟ್ ತಲೆಯಾಡಿಸಿದ. ಇನ್ನು ಎಂಟು ದಿನಕ್ಕೆ ಕೆಳಗಿನ ಊರಿನ ಹೆಂಗಸರು ಮಕ್ಕಳು ಕಾಡಿನ ಹಣ್ಣು ಬಿಡಿಸಲು ಇದೇ ಇಳಿಜಾರಿಗೆ ಬರುತ್ತಾರೆ. ಗಾಯವಾದ ಕರಡಿಯನ್ನು ಅವರಿಗೆ ಬಿಟ್ಟು ಹೋಗುವುದಕ್ಕಾಗುವುದಿಲ್ಲ ಎಂದ. ನೀನು ಗುಡಾರದಲ್ಲಿರು, ನಾನು ಹೋಗುತ್ತೇನೆ ಎಂದ. ಅರವತ್ತು ದಾಟಿದವನು, ಮುಂಜಾನೆ ಸೊಂಟ ಹಿಡಿದುಕೊಂಡು ಏಳುವವನು. ನಾನು ಅವನ ನೀರಿನ ಚೀಲ ಹೊತ್ತು ಹಿಂದೆ ನಡೆದೆ.

ಆ ನಡಿಗೆಯನ್ನು ವಿವರಿಸಲಾರೆ. ಗಿಡ, ಕಲ್ಲು, ಕೆಸರು. ನೂರು ಹೆಜ್ಜೆಗೊಮ್ಮೆ ಒಂದು ತೊಟ್ಟು ರಕ್ತ. ವಾಲ್ಟ್ ಬಾಗಿ ನೋಡುತ್ತಿದ್ದ, ನಿಲ್ಲುತ್ತಿದ್ದ, ರೈಫಲ್ ಎತ್ತಿ ಕಾಯುತ್ತಿದ್ದ, ಮತ್ತೆ ಹತ್ತು ಹೆಜ್ಜೆ. ಹೊತ್ತು ಮುಳುಗುವ ಮೊದಲು ಗುಡಾರಕ್ಕೆ ಬಂದೆವು. ಮರುದಿನ ಬೆಳಿಗ್ಗೆ ಮತ್ತೆ ಅಲ್ಲಿಂದಲೇ ಶುರು. ಎರಡು ದಿನದಲ್ಲಿ ಅವನು ನನ್ನ ಮೇಲೆ ಒಂದೂ ಕಟು ಮಾತು ಆಡಲಿಲ್ಲ. ಆಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಅದು ಸಿಕ್ಕಿತು. ಹಿಮ ಉಳಿದಿದ್ದ ಒಂದು ತಗ್ಗಿನಲ್ಲಿ, ಗಾಯವಾದ ಭುಜವನ್ನು ಹಿಮಕ್ಕೆ ಒತ್ತಿಕೊಂಡು ಮಲಗಿತ್ತು. ತಂಪಿಗೆ ಬಂದದ್ದು ಎಂದು ವಾಲ್ಟ್ ಪಿಸುಗುಟ್ಟಿದ. ನಮ್ಮನ್ನು ನೋಡಿ ಏಳಲು ನೋಡಿತು. ಮುಂಗಾಲು ಮಾತು ಕೇಳಲಿಲ್ಲ. ವಾಲ್ಟ್ ಒಂದೇ ಗುಂಡು ಹೊಡೆದ.

ಅವನು ಚಾಕು ತೆಗೆದು ನೋಡಿದ. ನನ್ನ ನಾಲ್ಕರಲ್ಲಿ ಎರಡು ತಾಗಿದ್ದವು. ಒಂದು ಮುಂಗಾಲಿನ ಸಣ್ಣ ಮೂಳೆ ಮುರಿದು ಆಚೆಗೆ ಹೋಗಿತ್ತು. ಇನ್ನೊಂದು ಭುಜದ ಮೂಳೆಯವರೆಗೆ ಹೋಗಿ, ಅದನ್ನು ಮುರಿಯಲಾರದೆ, ಅಲ್ಲೇ ಚಪ್ಪಟೆಯಾಗಿ ನಿಂತಿತ್ತು. ಮೂರು ಬೆರಳಿನ ಆಳ. ಸುತ್ತ ಕೀವು ಕಟ್ಟಲು ಶುರುವಾಗಿತ್ತು. ನಾವು ಬಾರದಿದ್ದರೆ ಎಷ್ಟು ದಿನ ಹೀಗೆ ಇರುತ್ತಿತ್ತು ಎಂದು ಕಟ್ಟಿದ ಗಂಟಲಲ್ಲೇ ಪಿಸುಗುಟ್ಟಿ ಕೇಳಿದೆ. ವಾರಗಟ್ಟಲೆ ಎಂದ.

ನಾನು ಅದರ ಪಾದದ ಹತ್ತಿರ ಕುಳಿತೆ. ಅಂಗಾಲು ನಮ್ಮೂರಿನ ಗೇಯುವವರ ಅಂಗಾಲಿನ ಹಾಗೆ ಬಿರುಕುಬಿರುಕಾಗಿತ್ತು. ಚಿಕ್ಕದರಲ್ಲಿ ಪಾಪ ಚಿಕ್ಕದು ಎಂದುಕೊಂಡಿದ್ದೆನಲ್ಲ, ಆ ಚಿಕ್ಕದು ಎರಡು ದಿನ ಈ ಪಾದವನ್ನು ಬೆಟ್ಟದ ಮೇಲೆ ನಡೆಸಿತ್ತು. ದೊಡ್ಡದನ್ನು ಕಲಿತು ಹಿಡಿದಿದ್ದರೆ ಅಲ್ಲೇ ಬೀಳುತ್ತಿತ್ತು. ಏನನ್ನೂ ಹಿಡಿಯದೆ ಮಗ್ಗಿ ಹೇಳುವ ಗಂಟಲು ಬರುವವರೆಗೆ ಮಲಗಿದ್ದರೆ ಬದುಕುತ್ತಿತ್ತು. ನಾನು ಎರಡರ ನಡುವಿನದನ್ನು ಆರಿಸಿಕೊಂಡಿದ್ದೆ, ಆಯಾಸಕ್ಕೆ.

ಆ ಸಂಜೆ ಪೂಜೆ ಮಾಡಿದೆನೋ ಇಲ್ಲವೋ ನೆನಪಿಲ್ಲ. ಮಾಡಿದ್ದರೆ ಕೈ ಮಾತ್ರ ತಾನಾಗಿ ಮಾಡಿರಬೇಕು.

ಊರಿಗೆ ಇಳಿದು ಅರಣ್ಯದ ಅಧಿಕಾರಿಗೆ ವರದಿ ಬರೆದುಕೊಟ್ಟೆವು. ಆತ್ಮರಕ್ಷಣೆ ಎಂದು ಬರೆದುಕೊಂಡರು. ಪಿಸ್ತೂಲನ್ನು ಓಲ್ಸನ್ ಅವರ ಮೇಜಿನ ಮೇಲಿಟ್ಟೆ. ಅವರು ವಾಲ್ಟ್ ಮುಖ ನೋಡಿದರು, ಅದನ್ನು ಒರೆಸಿ ಒಳಗಿಟ್ಟು, ಒಂದು ಲೋಟ ಬಿಸಿಹಾಲು ತಂದುಕೊಟ್ಟರು. ರೈಲಿಗೆ ಹತ್ತಿಸುವಾಗ ವಾಲ್ಟ್ ಕೈ ಹಿಡಿದು ಗಂಟಲು ಜೋಪಾನ ಎಂದ.

ಹಾಸನ

ಬಂದ ಎರಡು ತಿಂಗಳಿಗೆ ಹಾಸನದ ವಾಚನಾಲಯದಲ್ಲಿ ನನ್ನಿಂದ ಒಂದು ಭಾಷಣ ಮಾಡಿಸಿದರು. ಕಲ್ಲಿನ ಪದರ, ರೈಲು, ಹಂದಿಯ ತುಂಡು ಎಲ್ಲವನ್ನೂ ಹೇಳಿದೆ. ಜನ ನಕ್ಕರು. ಕರಡಿ ಕಂಡಿರಾ ಎಂದಾಗ, ಕಂಡೆ, ದೂರದಿಂದ, ಪಿಸ್ತೂಲು ತೋರಿಸಿದೆ, ಓಡಿಹೋಯಿತು ಎಂದೆ. ಚಪ್ಪಾಳೆ ತಟ್ಟಿದರು.

ಎಲ್ಲರೂ ಹೋದ ಮೇಲೆ ಒಬ್ಬ ರೈತರು ಉಳಿದುಕೊಂಡಿದ್ದರು. ಅರಕಲಗೂಡು ತಾಲ್ಲೂಕು ಮಲ್ಲಿಪಟ್ಟಣದ ಕಡೆಯವರು, ಸಣ್ಣೇಗೌಡರೆಂದು ಹೆಸರು. ಕೈಯಲ್ಲಿ ಒಂದು ಖಾಲಿ ಅರ್ಜಿಯ ಕಾಗದವಿತ್ತು.

‘ಸಾ, ನಮ್ ಒಲದ ಮಗ್ಗುಲಿಗೇ ಕರ್ಡಿ ಬತ್ತವೆ. ಲೈಸನ್ಸಿಗೆ ಅರ್ಜಿ ಕೊಡು ಅಂದವ್ರೆ ಅಮಲ್ದಾರ್ರು. ನೀವು ತಕ್ಕಂಡೋಗಿದ್ರಲ್ಲ, ಅಂತಾ ಪಿಸ್ತೂಲೇ ಸಾಕಾ? ಅದ್ನೇ ಬರ್ಕೊಡಿ ನಂಗೂವೆ.’

ನಾನು ಬಾಗಿಲ ಕಡೆ ನೋಡಿದೆ. ಹಾಗೇ ಬರೆದುಕೊಟ್ಟು ಎದ್ದು ಹೋಗಬಹುದಾಗಿತ್ತು. ಆಗಲಿಲ್ಲ. ಅವರನ್ನು ಬೆಂಚಿನ ಮೇಲೆ ಕೂರಿಸಿಕೊಂಡು, ಭಾಷಣದಲ್ಲಿ ಹೇಳಿದ್ದು ಸುಳ್ಳು ಎಂದೆ. ಆಮೇಲೆ ಜಲ್ಲಿ ತೆಗೆದ ಹಳ್ಳದಿಂದ ಹಿಮದ ತಗ್ಗಿನವರೆಗೆ ಎಲ್ಲವನ್ನೂ ಹೇಳಿದೆ. ಹೆಂಡತಿಗೂ ಅಷ್ಟು ಹೇಳಿರಲಿಲ್ಲ.

ಗೌಡರು ‘ಎಲ್ಡ್ ದಿನ ಉಡುಕುದ್ರಾ?’ ಎಂದರು.

ಹೌದೆಂದೆ.

‘ನನ್ ತಮ್ಮನ್ನ ಒಂದು ಕರ್ಡಿ ಒಡೀತು ಸಾ, ಓದ್ ವರ್ಷ. ಅವ ಉಳೀಲಿಲ್ಲ. ಊರೋರೆಲ್ಲ ಸೇರಿ ಅದನ್ನ ಒಡೆದಾಕಿ ನೋಡುದ್ರೆ ಅದ್ರ ಚರ್ಮದಡೀಲಿ ಸೀಸದ ಚರೆ. ಎಲ್ಲಾ ಹಳೇದು, ಕೀವು ಕಟ್ಟಿ. ಯಾರೋ ಒಡೆದ್ಬುಟ್ಟು ಮನೀಗ್ ಓಗವ್ರೆ. ಅಂಗೆ ಒಡೆದವ ಉಡುಕ್ಕಂಡ್ ಓಗಿದ್ರೆ...’

ನಾನು ಅರ್ಜಿಯ ಕಾಗದ ತೆಗೆದುಕೊಂಡೆ. ಪಿಸ್ತೂಲು ಬೇಡ, ಜೋಡುನಳಿಗೆಯ ತೋಟಾ ಕೋವಿ ಕೇಳಿ, ಚರೆ ಬೇಡ, ದೊಡ್ಡ ಒಂಟಿ ಗುಂಡಿನ ತೋಟಾ ಕೇಳಿ ಎಂದೆ. ಭಾರವಾಗುತ್ತದಲ್ಲ, ಗೇಯುವಾಗ ಹೊತ್ತುಕೊಂಡು ತಿರುಗುವುದು ಹೇಗೆ ಎಂದರು. ಭಾರವಾಗಲಿ, ಅದಕ್ಕೆ ಮೊದಲು ಹೊಲಕ್ಕೆ ಹೋಗುವಾಗಲೆಲ್ಲ ತಗಡು ಬಡಿಯಿರಿ, ಕೂಗಿ ಎಂದೆ. ತಲೆದೂಗಿದರು.

ಹೆಸರು, ತಂದೆಯ ಹೆಸರು, ಹೋಬಳಿ, ಕೋವಿಯ ಮಾದರಿ, ಕಾರಣ, ಎಲ್ಲ ಬರೆದು ಓದಿ ಹೇಳಿದೆ. ಸಹಿ ಮಾಡುವ ಜಾಗಕ್ಕೆ ಬಂದಾಗ ಗೌಡರು ಕಾಗದದ ಮೇಲೆ ಕೈಯಿಟ್ಟು ತಡೆದರು.

‘ಇನ್ನೊಂದ್ ಮಾತು ಬರೀರಿ ಸಾ. ಗಾಯ ಮಾಡ್ಬುಟ್ಟು ಬರಾಕಿಲ್ಲ ಅಂತ.’

ಅರ್ಜಿಯಲ್ಲಿ ಅದಕ್ಕೆ ಜಾಗವಿಲ್ಲ, ಕಚೇರಿಯಲ್ಲಿ ಅದನ್ನು ಯಾರೂ ಓದುವುದಿಲ್ಲ ಎಂದು ಹೇಳಿದೆ.

‘ಓದ್ದಿದ್ರೆ ಬುಡ್ಲಿ. ನೀವು ಬರೀರಿ.’

ಕಾಗದದ ಅಂಚಿನಲ್ಲಿ, ಸಣ್ಣ ಅಕ್ಷರದಲ್ಲಿ, ಅವರು ಹೇಳಿದ ಹಾಗೆಯೇ ಬರೆದೆ. ಅವರು ಅದರ ಕೆಳಗೆ ಹೆಬ್ಬೆಟ್ಟು ಒತ್ತಿದರು.